ಮಂಡಿಗೆ ಐಸ್ ಮಷೀನು ಕಟ್ಟಿ ಮಲಗಿಸಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಐಸು, ಐಸ್ ಮಷೀನು, ಐಸ್ ಟಬ್ಬಿನದ್ದೇ. ಯಾವ ಕಂಪನಿಯದು ಒಳ್ಳೆಯದು, ಎಷ್ಟು ಡಿಗ್ರಿಗೆ ಇಳಿಸಬೇಕು, ಎಷ್ಟು ಹೊತ್ತು ಇಡಬೇಕು ಎಂದು ಎಲ್ಲರೂ ಕೇಳಿದ್ದಾರೆ. ಆ ತಂಪು ತಗಲುವ ಚರ್ಮಕ್ಕೆ ತಂಪು ಗೊತ್ತಾಗುತ್ತದೆಯೇ ಎಂದು ಒಬ್ಬರೂ ಕೇಳಿಲ್ಲ. ಹಾಗಾಗಿ ಒಂದೇ ಪತ್ರಕ್ಕೆ ಉದ್ದ ಉತ್ತರ, ಉಳಿದವಕ್ಕೆ ಚುಟುಕಾಗಿ.

ನನ್ನ ತಾಯಿಗೆ 64 ವರ್ಷ, 15 ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎಂಟು ದಿನದ ಹಿಂದೆ ಬಲ ಮಂಡಿಯ ಕೀಲು ಬದಲಿಸುವ ಆಪರೇಷನ್ ಆಯಿತು. ಸರ್ಜಿಕಲ್ ಅಂಗಡಿಯವರು ಐಸ್ ನೀರು ಸುತ್ತುವ ಮಷೀನು ಕೊಟ್ಟು, ರಾತ್ರಿ ಕಟ್ಟಿ ಮಲಗಿಸಿದರೆ ಬೆಳಿಗ್ಗೆ ಹೊತ್ತಿಗೆ ಊತ ಇಳಿದಿರುತ್ತದೆ ಎಂದರು. ಎರಡು ರಾತ್ರಿ ಹಾಕಿದೆವು. ಅಮ್ಮ ಹಾಯಾಗಿ ನಿದ್ದೆ ಮಾಡುತ್ತಾರೆ. ಇನ್ನೂ ಎಷ್ಟು ದಿನ ಹಾಕಬಹುದು? (ದಾವಣಗೆರೆಯ ಓದುಗರು)

ಇವತ್ತೇ ನಿಲ್ಲಿಸಿ. ಇದನ್ನು ಓದುವಾಗ ಮಷೀನು ಕಾಲಿಗೆ ಕಟ್ಟಿದ್ದರೆ ಮೊದಲು ಬಿಚ್ಚಿ ಬನ್ನಿ, ಆಮೇಲೆ ಮುಂದೆ ಓದಿ. ಬಿಚ್ಚಿದ ಮೇಲೆ ಒಳ್ಳೆಯ ಬೆಳಕಿನಲ್ಲಿ ಮಂಡಿಯ ಸುತ್ತಲೂ, ಹಿಂಭಾಗದಲ್ಲೂ ಚರ್ಮ ನೋಡಿ. ಬಿಳಿಚಿಕೊಂಡ, ನೀಲಿಗಟ್ಟಿದ ಅಥವಾ ಮುಟ್ಟಿದರೆ ಗಟ್ಟಿಯೆನಿಸುವ ಜಾಗ, ನೀರುಗುಳ್ಳೆ, ಇದರಲ್ಲಿ ಯಾವುದು ಕಂಡರೂ ಈಗಲೇ ಆಪರೇಷನ್ ಮಾಡಿದ ವೈದ್ಯರಿಗೆ ಫೋನ್ ಮಾಡಿ. ಹಾಗೆಯೇ ಅಮ್ಮನವರಿಗೆ ಪಾದವನ್ನೂ ಹೆಬ್ಬೆರಳನ್ನೂ ಮುಖದ ಕಡೆಗೆ ಎಳೆದುಕೊಳ್ಳಲು ಹೇಳಿ. ಎಡಗಾಲಿನಷ್ಟು ಬಲಗಾಲು ಮೇಲೇಳದಿದ್ದರೆ ಆಗಲೂ ಕಾಯಬೇಡಿ.

"ಹಾಯಾಗಿ ನಿದ್ದೆ ಮಾಡುತ್ತಾರೆ" ಎಂದು ಬರೆದಿದ್ದೀರಿ. ನನಗೆ ಭಯ ಹುಟ್ಟಿಸಿದ್ದೇ ಆ ಸಾಲು. ಐಸ್ ತಗಲಿದ ಕಡೆ ಮೊದಲು ಚಳಿ, ಆಮೇಲೆ ಉರಿ, ಆಮೇಲೆ ಸೆಳೆತ, ಕೊನೆಗೆ ಮರಗಟ್ಟುವುದು. ಉರಿಯೂ ಸೆಳೆತವೂ "ಸಾಕು, ತೆಗೆ" ಎಂದು ದೇಹ ಕೂಗುವ ಕೂಗು. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇರುವ ಬಹಳ ಜನರಿಗೆ ಕಾಲಿನ ನರಗಳು ಮಂಕಾಗಿ ಆ ಕೂಗೇ ಏಳುವುದಿಲ್ಲ.

ಕೆಲವು ವರ್ಷದ ಹಿಂದೆ ನನ್ನ ಬಳಿ ಇಂಥದ್ದೇ ಮಂಡಿ ಬಂತು. ಆಪರೇಷನ್ ಆಗಿ ಆರನೆಯ ದಿನ. ಅವರು ಮಗನ ಹೆಗಲು ಹಿಡಿದು ಬಂದರು. ಬಲಗಾಲಿನ ಚಪ್ಪಲಿ ಹೆಜ್ಜೆಗೊಮ್ಮೆ ಕಳಚುತ್ತಿತ್ತು, ಮಗ ಬಗ್ಗಿ ಬಗ್ಗಿ ಹಾಕುತ್ತಿದ್ದ. ನೈಟಿಯ ಅಂಚು ಎತ್ತಿದರೆ ಮಂಡಿಯ ಹೊರಬದಿಯಲ್ಲಿ ಪಟ್ಟಿಯ ಹೊಲಿಗೆ ಅಚ್ಚೊತ್ತಿದ ಹಾಗೆ ಬೂದು ಬಣ್ಣದ ಗೆರೆ, ಗೆರೆಯ ತುದಿಯಲ್ಲಿ ಎರಡು ನೀರುಗುಳ್ಳೆ. "ನೋವೇ ಇಲ್ಲಮ್ಮಾ, ತುಂಬಾ ಆರಾಮ" ಅಂದರು. ಮಂಡಿಯ ಹೊರಬದಿಗೆ ಸ್ವಲ್ಪ ಕೆಳಗೆ ಕೈಗೆ ಒಂದು ಮೂಳೆಯ ಗುಬುಟು ಸಿಗುತ್ತದಲ್ಲ, ಅದರ ಕುತ್ತಿಗೆಯನ್ನು ಸುತ್ತಿಕೊಂಡು ಪಾದ ಎತ್ತಿಸುವ ಪೆರೋನಿಯಲ್ ನರ ಹೋಗುತ್ತದೆ. ಅಲ್ಲಿ ಅದು ಚರ್ಮದ ಕೆಳಗೇ ಇದೆ, ಕಾಪಾಡಲು ಮಾಂಸಖಂಡವೂ ಇಲ್ಲ, ಕೊಬ್ಬೂ ಇಲ್ಲ. ಬಿಗಿಯಾಗಿ ಕಟ್ಟಿದ ತಣ್ಣನೆಯ ಪಟ್ಟಿ ರಾತ್ರಿಯಿಡೀ ಅದನ್ನು ಒತ್ತಿತ್ತು. ಪಾದ ಎತ್ತುವ ಶಕ್ತಿ ಮರಳಿ ಬರಲು ನಾಲ್ಕು ತಿಂಗಳು ಹಿಡಿಯಿತು. ಅಷ್ಟು ಕಾಲ ಹೊಸ ಮಂಡಿ ಇದ್ದೂ ಅವರು ಸರಿಯಾಗಿ ನಡೆಯಲಾಗಲಿಲ್ಲ. ಮಷೀನು ಮಾರಿದವರಿಗೆ ಇದು ಗೊತ್ತೇ ಆಗಲಿಲ್ಲ, ಅವರು ಇನ್ನೊಂದು ಮಾರಿರುತ್ತಾರೆ.

ಸಕ್ಕರೆ ಕಾಯಿಲೆ ಇಲ್ಲದವರೂ ನಿಶ್ಚಿಂತೆಯಿಂದ ಇರಬೇಡಿ. ಈ ಆಪರೇಷನ್ನಿನಲ್ಲಿ ಮಂಡಿಯ ಮುಂದೆ ಉದ್ದಕ್ಕೆ ಗೀರು ಹಾಕುವಾಗ ಚರ್ಮಕ್ಕೆ ಹೋಗುವ ಒಂದು ಸಣ್ಣ ನರದ ಕವಲು ತುಂಡಾಗುತ್ತದೆ. ಅದರಿಂದ ಹೊಲಿಗೆಯ ಹೊರಬದಿಗೆ ಒಂದಷ್ಟು ಜಾಗ ತಿಂಗಳುಗಟ್ಟಲೆ ಜೋಮು. ಅಂದರೆ ಮಂಡಿ ಬದಲಿಸಿಕೊಂಡ ಬಹುತೇಕ ಎಲ್ಲರಿಗೂ ಐಸ್ ಗೊತ್ತಾಗದ ಒಂದು ತುಂಡು ಚರ್ಮ ಇದ್ದೇ ಇರುತ್ತದೆ. ಆಪರೇಷನ್ ದಿನ ನೋವು ತಿಳಿಯದಿರಲೆಂದು ನರಕ್ಕೆ ಇಂಜೆಕ್ಷನ್ ಕೊಟ್ಟಿದ್ದರೆ ಅದರ ಮರಗಟ್ಟುವಿಕೆ ಇಳಿಯುವ ತನಕ ಕಾಲಿನ ಇನ್ನಷ್ಟು ಭಾಗವೂ ಹಾಗೆ.

ಹಾಗಾದರೆ ಪರೀಕ್ಷೆ ಹೇಗೆ? ಎರಡು ಸ್ಟೀಲ್ ಲೋಟ ತೆಗೆದುಕೊಳ್ಳಿ. ಒಂದಕ್ಕೆ ಫ್ರಿಜ್ಜಿನ ನೀರು, ಇನ್ನೊಂದಕ್ಕೆ ಉಗುರುಬೆಚ್ಚನೆಯ ನೀರು. ಹೊರಗಿನ ತೇವ ಒರೆಸಿ. ಅಮ್ಮನವರು ಕಣ್ಣು ಮುಚ್ಚಿಕೊಳ್ಳಲಿ. ಮೊದಲು ಮುಂಗೈಗೆ ಮುಟ್ಟಿಸಿ ತಣ್ಣಗೋ ಬೆಚ್ಚಗೋ ಕೇಳಿ. ಆಮೇಲೆ ಮಂಡಿಯ ಎರಡೂ ಬದಿ, ಮೊಣಕಾಲಿನ ಕೆಳಗೆ, ಪಾದದ ಮೇಲೆ, ಕ್ರಮ ತಪ್ಪಿಸಿ ಮುಟ್ಟಿಸುತ್ತಾ ಹೋಗಿ. ಹೊಲಿಗೆಯಿಂದ ದೂರವಿರಿ. ತಡವರಿಸಿದರೆ, ತಪ್ಪು ಹೇಳಿದರೆ, ಮಷೀನು ಅವರಿಗಲ್ಲ. ಎರಡು ನಿಮಿಷದ ಕೆಲಸ. ಇದನ್ನು ಮಾಡದೆ ಸಾವಿರಾರು ರೂಪಾಯಿ ಎಣಿಸಿ ಕೊಡುವವರನ್ನು ಕಂಡರೆ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ಪರೀಕ್ಷೆಯಲ್ಲಿ ಪಾಸಾದರೂ ನಿಯಮಗಳಿವೆ. ಒಮ್ಮೆಗೆ 15 ನಿಮಿಷ, ಹೆಚ್ಚೆಂದರೆ 20. ಮತ್ತೆ ಹಾಕಲು ಕನಿಷ್ಠ ಎರಡು ಗಂಟೆ ಬಿಡುವು. ಚರ್ಮಕ್ಕೂ ಪಟ್ಟಿಗೂ ನಡುವೆ ಒಣ ಹತ್ತಿ ಬಟ್ಟೆಯ ಒಂದು ಪದರ, ಹಳೆಯ ಪಂಚೆ ಸಾಕು. ಏಳೆಂಟು ನಿಮಿಷಕ್ಕೊಮ್ಮೆ ಪಟ್ಟಿ ಎತ್ತಿ ನೋಡಿ. ಕೆಂಪಗಾಗಿದ್ದರೆ ಅಥವಾ ಕಪ್ಪು ಮೈಬಣ್ಣದವರಲ್ಲಿ ಸ್ವಲ್ಪ ಗಾಢವಾಗಿದ್ದರೆ ಚಿಂತೆಯಿಲ್ಲ, ಬಿಳಿಚಿದರೆ ತೆಗೆಯಿರಿ. ಪಟ್ಟಿಯೊಳಗೆ ಎರಡು ಬೆರಳು ಸಲೀಸಾಗಿ ತೂರಬೇಕು. ನಿದ್ದೆಯಲ್ಲಿ ಬೇಡವೇ ಬೇಡ. ಹಾಕಿದವರು ಪಕ್ಕದಲ್ಲೇ ಕೂತಿರಬೇಕು, ಧಾರಾವಾಹಿ ನೋಡುತ್ತಾ ಮರೆಯುವವರಾದರೆ ಅಲಾರಂ ಇಟ್ಟುಕೊಳ್ಳಿ.

ಈ ಮಷೀನಿನಲ್ಲಿ ಇರುವುದಾದರೂ ಏನು? ಐಸ್ ತುಂಬುವ ಡಬ್ಬಿ, ಒಂದು ಪುಟ್ಟ ಪಂಪು, ಎರಡು ಕೊಳವೆ, ಒಂದು ಪಟ್ಟಿ. ಅಗ್ಗದವುಗಳಲ್ಲಿ ತಾಪ ಹಿಡಿದಿಡುವ ವ್ಯವಸ್ಥೆ ಇರುವುದಿಲ್ಲ, ಐಸ್ ಎಷ್ಟು ಹಾಕಿದಿರೋ ಅಷ್ಟು ತಂಪು. ಡಬ್ಬಿಯನ್ನು ಎತ್ತರದಲ್ಲಿಟ್ಟರೆ ನೀರು ತಾನೇ ಪಟ್ಟಿಗೆ ಇಳಿಯುವ, ಕರೆಂಟ್ ಬೇಡದ ಬಗೆಯೂ ಇದೆ. ನನಗೆ ಅದೇ ಹೆಚ್ಚು ಇಷ್ಟ, ಏಕೆಂದರೆ ನೀರು ಬಿಸಿಯಾದಾಗ ಯಾರಾದರೂ ಎದ್ದು ಬಂದು ಬದಲಿಸಲೇಬೇಕು, ಬಂದವರು ಕಾಲನ್ನೂ ನೋಡುತ್ತಾರೆ. ಎರಡೂ ಇಲ್ಲದಿದ್ದರೆ ಪ್ಲಾಸ್ಟಿಕ್ ಚೀಲಕ್ಕೆ ಪುಡಿ ಐಸು, ಸ್ವಲ್ಪ ನೀರು ಹಾಕಿ ಟವೆಲಿನಲ್ಲಿ ಸುತ್ತಿ ಇಡಿ. ಕರಗುತ್ತಿರುವ ಐಸು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋಗುವುದಿಲ್ಲ. ಫ್ರೀಜರಿನಿಂದ ಆಗಷ್ಟೇ ತೆಗೆದ ನೀಲಿ ಜೆಲ್ ಪ್ಯಾಕು ಮೈನಸ್ 18ರ ಆಸುಪಾಸಿನಲ್ಲಿರುತ್ತದೆ. ಬರಿ ಚರ್ಮಕ್ಕೆ ಅದನ್ನಿಟ್ಟು ಸುಟ್ಟುಕೊಂಡವರನ್ನು ಪ್ರತಿ ಬೇಸಿಗೆ ನೋಡುತ್ತೇನೆ. ಕೊಳ್ಳಲೇಬೇಕೆಂದಿಲ್ಲ, ದೊಡ್ಡ ಊರುಗಳಲ್ಲಿ ಬಾಡಿಗೆಗೂ ಸಿಗುತ್ತದೆ. ಹೆಚ್ಚು ಬೇಕಾಗುವುದು ಮೊದಲ ಎರಡು ಮೂರು ವಾರ ಮಾತ್ರ.

ಇನ್ನು ಐಸ್ ಯಾಕೆ ಎಂಬುದು. ಮಂಡಿಯೊಳಗೆ ಊತ ತುಂಬಿದರೆ ತೊಡೆಯ ಮುಂದಿನ ಸ್ನಾಯು ಕೆಲಸ ನಿಲ್ಲಿಸುತ್ತದೆ, ಎಷ್ಟು ಮನಸ್ಸು ಮಾಡಿದರೂ ಬಿಗಿಯುವುದಿಲ್ಲ. ತಂಪು ನೋವನ್ನು ಒಂದಷ್ಟು ಹೊತ್ತು ತಗ್ಗಿಸಿ, ಆ ಸ್ನಾಯು ಎಚ್ಚರಗೊಳ್ಳಲು ಅವಕಾಶ ಕೊಡುತ್ತದೆ. ಹಾಗಾಗಿ ವ್ಯಾಯಾಮಕ್ಕೆ ಮುಂಚೆ ಅಥವಾ ಮುಗಿದ ಮೇಲೆ ಹದಿನೈದು ನಿಮಿಷ. ಐಸ್ ಇಟ್ಟು ವ್ಯಾಯಾಮ ಬಿಟ್ಟರೆ ಐಸ್ ದಂಡ, ಮಂಡಿ ಬಗ್ಗುವುದೂ ಇಲ್ಲ. ಹೊಸ ಮಂಡಿ ಮುಟ್ಟಿದರೆ ಬೆಚ್ಚಗೆನ್ನುವುದು ಕೆಲವು ತಿಂಗಳು ಸಹಜ, ಅದಕ್ಕೆ ಹೆದರಿ ಹಗಲೂ ರಾತ್ರಿ ಐಸ್ ಸುರಿಯಬೇಡಿ. ಆದರೆ ಜ್ವರ, ಹೊಲಿಗೆಯಲ್ಲಿ ಸೋರಿಕೆ, ದಿನದಿಂದ ದಿನಕ್ಕೆ ಹೆಚ್ಚುವ ಕೆಂಪು, ಅಥವಾ ಮೀನಖಂಡದಲ್ಲಿ ಊತ ಮತ್ತು ನೋವು ಇದ್ದರೆ ಐಸ್ ಇಟ್ಟು ನೋಡೋಣ ಎನ್ನಬೇಡಿ. ಸೋಂಕು ಇರಬಹುದು, ರಕ್ತ ಹೆಪ್ಪುಗಟ್ಟಿರಬಹುದು. ಆಸ್ಪತ್ರೆಗೆ ಹೊರಡಿ.

ಬೀಡಿ, ಸಿಗರೇಟು ಸೇದಿ ಕಾಲಿನ ರಕ್ತನಾಳ ಕಟ್ಟಿಕೊಂಡವರು, ಚಳಿಗೆ ಬೆರಳು ಬಿಳಿಚುವವರು, ತಣ್ಣೀರು ತಾಗಿದರೆ ಮೈಮೇಲೆ ದದ್ದು ಏಳುವವರು ಈ ಸಾಧನಗಳ ತಂಟೆಗೇ ಹೋಗಬೇಡಿ.

ನಾನು ಕಬಡ್ಡಿ ತರಬೇತುದಾರ. ಹುಡುಗರಿಗೆ ಡ್ರಮ್ಮಿನಲ್ಲಿ ಐಸ್ ಸ್ನಾನ ಮಾಡಿಸಬೇಕು. ಎಷ್ಟು ಐಸ್ ಬೇಕು? (ಮಂಡ್ಯ)

ನೀವು ಲೆಕ್ಕ ಕೇಳಿದ್ದೀರಿ, ಸಂತೋಷ. 200 ಲೀಟರಿನ ನೀಲಿ ಡ್ರಮ್ಮಿಗೆ 120 ಲೀಟರ್ ನೀರು ಹಾಕಿ. 26 ಡಿಗ್ರಿಯ ನೀರನ್ನು 14ಕ್ಕೆ ಇಳಿಸಲು ಸುಮಾರು 15 ಕಿಲೋ ಐಸ್ ಬೇಕು, ಬಿಸಿಲನ್ನೂ ಹುಡುಗನ ಮೈಬಿಸಿಯನ್ನೂ ಸೇರಿಸಿ 20 ಕಿಲೋ ಇಟ್ಟುಕೊಳ್ಳಿ. ಐಸ್ ಫ್ಯಾಕ್ಟರಿಯ ಗಡ್ಡೆಯನ್ನು ಗೋಣಿಚೀಲದಲ್ಲಿ ಹಾಕಿ ಕುಟ್ಟಿ. ಥರ್ಮಾಮೀಟರ್ ಇಲ್ಲದೆ ಇಳಿಸಬೇಡಿ. 10ರಿಂದ 15 ಡಿಗ್ರಿ, ಸೊಂಟದವರೆಗೆ, 10 ನಿಮಿಷ. 3 ಡಿಗ್ರಿಯಲ್ಲಿ ಹೆಚ್ಚು ಲಾಭ ಎನ್ನುವುದು ಟಬ್ ಮಾರುವವರ ಮಾತು. ಮೊದಲ ಒಂದೆರಡು ನಿಮಿಷ ಉಸಿರು ಏದುತ್ತದೆ, ರಕ್ತದೊತ್ತಡ ಜಿಗಿಯುತ್ತದೆ, ಆದ್ದರಿಂದ ನಿಧಾನ ಇಳಿಸಿ, ಒಬ್ಬರು ಡ್ರಮ್ಮು ಹಿಡಿದು ನಿಂತಿರಲಿ. ಗಾಯ ಇರುವವನು ಬೇಡ. ಗುಜರಿಯ ಡ್ರಮ್ಮಿನಲ್ಲಿ ಹಿಂದೆ ಯಾವ ರಾಸಾಯನಿಕ ಇತ್ತು ಎಂದು ತಿಳಿಯದೆ ಹುಡುಗರನ್ನು ನಿಲ್ಲಿಸಬೇಡಿ.

ಇನ್ನೊಂದು ಮಾತು. ಒಂದೇ ದಿನ ಎರಡು ಪಂದ್ಯ ಇದ್ದಾಗ ಇದು ಉಪಯೋಗ, ಮೈಕೈ ನೋವು ತಗ್ಗುತ್ತದೆ. ಮೈ ಕಟ್ಟುವ ತಿಂಗಳುಗಳಲ್ಲಿ ಬೇಡ. 2015ರಲ್ಲಿ ಪ್ರಕಟವಾದ 12 ವಾರಗಳ ಅಧ್ಯಯನದಲ್ಲಿ, ತೂಕ ಎತ್ತಿದ ಮೇಲೆ 10 ಡಿಗ್ರಿಯ ನೀರಿನಲ್ಲಿ 10 ನಿಮಿಷ ಕೂತವರಿಗೆ ಸ್ನಾಯುವೂ ಶಕ್ತಿಯೂ ಕಡಿಮೆ ಬೆಳೆಯಿತು.

ಕಾಲು ಉಳುಕಿದರೆ ಎರಡು ದಿನ ಬಿಡದೆ ಐಸ್ ಇಡಬೇಕಲ್ಲವೇ?

ಇಲ್ಲ. ವಿಶ್ರಾಂತಿ, ಐಸು, ಬಿಗಿಪಟ್ಟಿ, ಕಾಲು ಎತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಐಸೂ ಪೂರ್ತಿ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದು ಎಂದು ಮುಂದೆ ಅವರೇ ಬರೆದರು. ನೋವಿಗೆ ಮೊದಲ ದಿನ ಹತ್ತು ನಿಮಿಷದಂತೆ ಇಟ್ಟುಕೊಳ್ಳಿ, ಸಾಕು. ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಮಾಡಿಸಿ. ಉಳುಕು ತೆಗೆಯುತ್ತೇನೆಂದು ಎಣ್ಣೆ ಹಚ್ಚಿ ಜಗ್ಗುವವರ ಬಳಿ ಹೋಗಿ, ಮುರಿದ ಮೂಳೆಯ ಮೇಲೆ ವಾರಗಟ್ಟಲೆ ನಡೆದು ಬಂದವರನ್ನು ನೋಡಿ ಸಾಕಾಗಿದೆ.

ಫ್ರೋಜನ್ ಶೋಲ್ಡರ್‌ಗೆ (ಭುಜದ ಕೀಲು ಬಿಗಿದುಕೊಳ್ಳುವುದಕ್ಕೆ) ಐಸ್ ಟಬ್?

ಬೇಡ. ಬಿಗಿತದ ಹಂತದಲ್ಲಿ ಬಿಸಿ ಶಾಖ ಕೊಟ್ಟು ಕೈ ಆಡಿಸಿ.

ಇಡೀ ಮೈ ತಂಪು ಮಾಡುವ, ಮೈನಸ್ 110 ಡಿಗ್ರಿಯ ಕ್ರಯೋ ಕೋಣೆ ಹೇಗೆ?

ಆ ದುಡ್ಡಿನಲ್ಲಿ ಆರು ತಿಂಗಳು ಫಿಸಿಯೋಥೆರಪಿ ಮಾಡಿಸಿಕೊಳ್ಳಿ.

ಹಳೆಯ ಡೀಪ್ ಫ್ರೀಜರಿಗೆ ನೀರು ತುಂಬಿ ಐಸ್ ಟಬ್ ಮಾಡಿಕೊಂಡಿದ್ದೇನೆ. ಬೇರೆ ಏನು ಎಚ್ಚರ ಬೇಕು? (ಬೆಂಗಳೂರು)

ಪ್ಲಗ್ ಕಿತ್ತು, ನೀರು ಚೆಲ್ಲಿ, ಅದನ್ನು ಮಾರಿಬಿಡಿ. ಕರೆಂಟಿನ ಪೆಟ್ಟಿಗೆಯೊಳಗೆ ಒದ್ದೆ ಮೈಯಲ್ಲಿ ಕೂರಲು ಯಾವ ಎಚ್ಚರವೂ ಸಾಲದು.

ಸಕ್ಕರೆ ಕಾಯಿಲೆಯಿಂದ ಅಂಗಾಲು ಉರಿ. ರಾತ್ರಿ ಅರ್ಧ ಗಂಟೆ ಐಸ್ ನೀರಿನ ಬಕೆಟ್ಟಿನಲ್ಲಿ ಕಾಲಿಡಲು ಯೂಟ್ಯೂಬಿನಲ್ಲಿ ಒಬ್ಬರು ಹೇಳುತ್ತಾರೆ. (ರಾಯಚೂರು)

ಅವರು ನಿಮ್ಮ ಕಾಲನ್ನು ನೋಡಿಲ್ಲ, ನಾಳೆ ಹುಣ್ಣಾದರೆ ನೋಡಲು ಬರುವವರೂ ಅಲ್ಲ. ಆ ಉರಿ ನರ ಕೆಡುತ್ತಿರುವ ಲಕ್ಷಣ. ಐಸ್ ನೀರು ಅದನ್ನು ಅರ್ಧ ಗಂಟೆ ಮುಚ್ಚಿಡುತ್ತದೆ, ಜೊತೆಗೆ ಚರ್ಮವನ್ನು ಮೆತ್ತಗಾಗಿಸಿ ಒಡೆಯುತ್ತದೆ. ಇವತ್ತು ಮಾಡಬೇಕಾದ್ದು ಇಷ್ಟು: ಕಾಲನ್ನು ಮಾಮೂಲು ನೀರಿನಲ್ಲಿ ತೊಳೆದು, ಬೆರಳ ಸಂದು ಒರೆಸಿ, ಕೈಗನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಿ. ಬಿರುಕು, ಗುಳ್ಳೆ, ಕಪ್ಪು ಚುಕ್ಕೆ ಕಂಡರೆ ನಾಳೆಯೇ, ಏನೂ ಕಾಣದಿದ್ದರೆ ಈ ವಾರದೊಳಗೆ, ಸಕ್ಕರೆಯ ರಿಪೋರ್ಟು ಹಿಡಿದು ನಿಮ್ಮ ವೈದ್ಯರ ಬಳಿ ಹೋಗಿ. ಉರಿಗೆ ಮಾತ್ರೆಗಳಿವೆ.