ಹಳೇ ಮಿಲ್ ಊರುಗಳಲ್ಲಿ ಎಲ್ಲರೂ ಎಲ್ಲರಿಗೂ ನೆಂಟರಾಗಿರೋದು ಯಾಕೆ?

ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದ ರೀತಿಯೇ ಮುಖ್ಯ ಕಾರಣ. ಎಷ್ಟೋ ಬಟ್ಟೆ ಮಿಲ್‌ಗಳು ಒಬ್ಬೊಬ್ಬರನ್ನಲ್ಲ, ಮನೆಮಂದಿಯನ್ನೇ ಸೇರಿಸಿಕೊಳ್ಳುತ್ತಿದ್ದವು.

ಅಮೆರಿಕದ ಪಾಟಕೆಟ್‌ನಲ್ಲಿ 1790ರಲ್ಲಿ ಹತ್ತಿ ನೂಲುವ ಯಂತ್ರ ಓಡಿಸಿದ ಸ್ಯಾಮ್ಯುಯೆಲ್ ಸ್ಲೇಟರ್ ಮೊದಲು ಮಕ್ಕಳನ್ನು ದುಡಿಸಿದ, ಆಮೇಲೆ ಇಡೀ ಕುಟುಂಬಗಳನ್ನೇ ಕರೆಸಿ ವಾಸಕ್ಕೆ ಮನೆ ಕೊಟ್ಟ. ಇಂಥ ಕಡೆ ಮನೆ ಉಳಿಯಬೇಕಾದರೆ ಮನೆಯವರು ಯಾರಾದರೂ ಮಿಲ್‌ನಲ್ಲಿ ಇರಲೇಬೇಕಿತ್ತು. ಹಾಗಾಗಿ ಅಪ್ಪನ ಹಿಂದೆ ಮಗ, ಅಕ್ಕನ ಹಿಂದೆ ತಂಗಿ ಅಂತ ತಲೆಮಾರುಗಳು ಅಲ್ಲೇ ನಿಂತವು.

ಜಾಗ ಖಾಲಿಯಾದರೆ ಮೇಲಿನವರ ಹತ್ತಿರ ಒಂದು ಮಾತು ಹೇಳಿ ತಮ್ಮನನ್ನೋ ನಾದಿನಿಯನ್ನೋ ಸೇರಿಸುವುದು ರೂಢಿ. ಮಾಲೀಕರು ಇದಕ್ಕೆ ಒಪ್ಪುತ್ತಿದ್ದುದಕ್ಕೂ ಕಾರಣ ಇತ್ತು. ಹೊಸಬರಿಗೆ ಕೆಲಸ ಕಲಿಸುವುದು, ಅವರ ಮೇಲೆ ಕಣ್ಣಿಡುವುದು ಎಲ್ಲ ನೆಂಟರೇ ಮಾಡುತ್ತಿದ್ದರು. ಪುಕ್ಕಟೆ ಮೇಸ್ತ್ರಿಗಳು ಸಿಕ್ಕ ಹಾಗೆ, ಅಲ್ವಾ? ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್‌ನಲ್ಲಿದ್ದ ಅಮಾಸ್ಕೆಗ್ ಬಟ್ಟೆ ಮಿಲ್‌ಗೆ ಕೆನಡಾದ ಕ್ವಿಬೆಕ್‌ನಿಂದ ಜನ ಬಂದಿದ್ದು ಜಾಸ್ತಿ ಹೀಗೇ, ನೆಂಟರ ಕೈಹಿಡಿದು. ಪಕ್ಕದ ಯಂತ್ರದವರು, ಪಕ್ಕದ ಮನೆಯವರು ಒಂದೇ ಆದಾಗ ಮದುವೆಗಳೂ ಅಲ್ಲಲ್ಲೇ ಆದವು.

ಇದಕ್ಕೆ ಇನ್ನೊಂದು ಮುಖವೂ ಇದೆ. 1930ರ ದಶಕದಲ್ಲಿ ಅಮಾಸ್ಕೆಗ್ ಮುಚ್ಚಿದಾಗ ಎಷ್ಟೋ ಮನೆಗಳಲ್ಲಿ ಅಪ್ಪ, ಅಮ್ಮ, ಮಕ್ಕಳ ಸಂಬಳ ಒಟ್ಟಿಗೇ ನಿಂತಿತು. ಸಾಲ ಕೇಳೋಣ ಅಂದರೆ ನೆಂಟರದ್ದೂ ಅದೇ ಕಥೆ.