ವಿಡಿಯೊ ಪಾಠದಿಂದ ನಷ್ಟವೇ?

ಪಾಠವನ್ನು ವಿಡಿಯೊದಲ್ಲಿ ಕೊಟ್ಟು, ತರಗತಿಯಲ್ಲಿ ಗುಂಪಾಗಿ ಲೆಕ್ಕ ಮಾಡಿಸುವ ನಿಮ್ಮ ಉಡುಪಿಯ ಕಾಲೇಜಿನ ಕ್ರಮದಿಂದ ನಷ್ಟವಾಗುತ್ತಿದೆಯೇ ಎಂದು ಕೇಳಿದ್ದೀರಿ. ಮಂಗಳೂರಿನಲ್ಲಿ ಇಂಜಿನಿಯರಿಂಗ್ ಪಾಠ ಮಾಡುವ ನನ್ನ ಅಭಿಪ್ರಾಯದಲ್ಲಿ ನಷ್ಟವಿಲ್ಲ. ಆದರೆ ವಿಡಿಯೊ ನೋಡದೆ ಬಂದವರಿಗೆ ಆ ಒಂದು ಗಂಟೆ ಶುದ್ಧ ವ್ಯರ್ಥ.

ವಿಜ್ಞಾನ, ಇಂಜಿನಿಯರಿಂಗ್ ಮತ್ತು ಗಣಿತ ಬೋಧನೆಯ 225 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಬರೀ ಉಪನ್ಯಾಸದ ತರಗತಿಗಳಲ್ಲಿ ಸರಾಸರಿ ಶೇ. 34ರಷ್ಟು ಮಂದಿ ಅನುತ್ತೀರ್ಣರಾದರೆ, ವಿದ್ಯಾರ್ಥಿಗಳೇ ತೊಡಗಿ ಕಲಿಯುವ ತರಗತಿಗಳಲ್ಲಿ ಆ ಪ್ರಮಾಣ ಶೇ. 22ರಷ್ಟಿತ್ತು. 2019ರ ಹಾರ್ವರ್ಡ್ ಅಧ್ಯಯನದಲ್ಲಿ, ಹೀಗೆ ತೊಡಗಿ ಕಲಿತವರು ತಾವು ಕಡಿಮೆ ಕಲಿತೆವೆಂದು ಭಾವಿಸಿದರೂ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ನಿಮ್ಮ ಅಸಮಾಧಾನದ ಮೂಲವೂ ಬಹುಶಃ ಅದೇ.

ಕಳೆದ ವಾರ ನನ್ನ ತರಗತಿಯ ಒಂದು ಬೆಂಚಿನಲ್ಲಿ ಮೂವರು ತೊಲೆಯ ಶಿಯರ್ ಫೋರ್ಸ್ ನಕ್ಷೆ (ತೊಲೆಯನ್ನು ಅಡ್ಡವಾಗಿ ಕತ್ತರಿಸುವಂಥ ಬಲ ಎಲ್ಲಿ ಎಷ್ಟೆಂದು ತೋರಿಸುವ ಗೆರೆಚಿತ್ರ) ಬರೆಯುತ್ತಿದ್ದರು. ಬಿಂದುಭಾರ, ಅಂದರೆ ಒಂದೇ ಜಾಗದಲ್ಲಿ ಬೀಳುವ ಭಾರ, ಇದ್ದಲ್ಲಿ ಒಬ್ಬ ಇಳಿಜಾರು ಗೆರೆ ಎಳೆದ. ಪಕ್ಕದವಳು ರಬ್ಬರಿನಿಂದ ಅದನ್ನು ಅಳಿಸಿ, ಅಲ್ಲಿ ಬಲದ ಬೆಲೆ ಒಮ್ಮೆಲೇ ಜಿಗಿಯಬೇಕೆಂದೂ ಇಳಿಜಾರು ಬರುವುದು ಹರಡಿದ ಭಾರಕ್ಕೆಂದೂ ವಾದಿಸಿದಳು. ಕಪ್ಪುಹಲಗೆಯ ಮೇಲೆ ನಾನು ಇದನ್ನು ಹತ್ತು ಬಾರಿ ಬರೆದಿದ್ದೇನೆ. ಎಲ್ಲರೂ ತಲೆಯಾಡಿಸಿದ್ದಾರೆ, ಅಷ್ಟೆ.

ಹಾಗೆಂದು ಉಪನ್ಯಾಸ ಬೇಡವೆನ್ನಲಾರೆ: ಹೊಸ ಪರಿಕಲ್ಪನೆಯ ಮೊದಲ ಪರಿಚಯಕ್ಕೆ, ಮುಖ ನೋಡಿ ವೇಗ ತಗ್ಗಿಸುವ ಅಧ್ಯಾಪಕರೇ ಮೇಲು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲದ ಕಾರಣ, ವಿಡಿಯೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.