ಹಾಡ್ಜ್‌ಕಿನ್ಸ್ ಕಾಯಿಲೆಯ ಲಕ್ಷಣಗಳೇನು? ಪೂರ್ತಿ ವಾಸಿಯಾಗುತ್ತದೆಯೇ?

ಇದು ದುಗ್ಧಗ್ರಂಥಿಗಳ (ಸೋಂಕಿನ ವಿರುದ್ಧ ಹೋರಾಡುವ ಲಿಂಫ್ ಗ್ರಂಥಿಗಳ) ಕ್ಯಾನ್ಸರ್. ಸಾಮಾನ್ಯವಾಗಿ ಮೊದಲು ಕಾಣುವುದು ಕುತ್ತಿಗೆಯ ಪಕ್ಕದ ಗಡ್ಡೆ. ಒತ್ತಿದರೆ ರಬ್ಬರಿನಂತಿರುತ್ತದೆ, ನೋವಿರುವುದಿಲ್ಲ. ನೋವಿಲ್ಲವಲ್ಲ ಅಂತ ಸುಮ್ನೆ ಬಿಡಬೇಡಿ. ಕೆಲವರಿಗೆ ಮೈಯೆಲ್ಲ ತುರಿಕೆ. ಬಿಟ್ಟುಬಿಟ್ಟು ಜ್ವರ, ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು, 6 ತಿಂಗಳಲ್ಲಿ ತೂಕ ಶೇ. 10ಕ್ಕಿಂತ ಜಾಸ್ತಿ ಇಳಿಯುವುದು, ಇವನ್ನು ವೈದ್ಯರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ.

ಟಿಬಿಯಲ್ಲೂ ಹೀಗೇ ಆಗುತ್ತದೆ, ಅಲ್ವಾ? ಅದಕ್ಕೇ ಬಯಾಪ್ಸಿ ಮಾಡಿಸದೆ ಟಿಬಿ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆಯಬಾರದು. ಬರೀ ಸೂಜಿ ಪರೀಕ್ಷೆ ಹಲವು ಸಲ ಸಾಲುವುದಿಲ್ಲ. ಗ್ರಂಥಿಯನ್ನೇ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಕಾಯಿಲೆಯ ಗುರುತಾದ ರೀಡ್-ಸ್ಟರ್ನ್‌ಬರ್ಗ್ ಎಂಬ ದೊಡ್ಡ ಕ್ಯಾನ್ಸರ್ ಕೋಶಗಳು ಸಿಗುತ್ತವೆ.

ಗುಣವಾಗುವ ಸಾಧ್ಯತೆ ತುಂಬ ಚೆನ್ನಾಗಿದೆ. ಬೇಗ ಪತ್ತೆಯಾಗಿ ಸರಿಯಾದ ಚಿಕಿತ್ಸೆ ಸಿಕ್ಕರೆ 100ರಲ್ಲಿ ಸುಮಾರು 90 ಜನ 5 ವರ್ಷ ದಾಟುತ್ತಾರೆ. 4ನೇ ಹಂತದಲ್ಲೂ ಕೀಮೋದಿಂದ ಬಹಳ ಜನ ಗುಣವಾಗುತ್ತಾರೆ. 60 ದಾಟಿದವರಿಗೆ ಮಾತ್ರ ಸ್ವಲ್ಪ ಕಷ್ಟ.